ಗೋಧಿತೆನೆಯ ಅಂಚೆಚೀಟಿ

ಪಾವಗಡದಲ್ಲಿ ಹುಟ್ಟಿ, ಶಿರಾ ಹಾಗೂ ಕೊರಟಗೆರೆಗಳಲ್ಲಿ ಉಪಾಧ್ಯಾಯರಾಗಿದ್ದು, ಮಧುಗಿರಿಯಲ್ಲಿ ನೆಲೆಸಿದ ಹಿರಿಯರೊಬ್ಬರ ಬಳಿ ಅಂಚೆಚೀಟಿಗಳ ಹಳೆಯ ಸಂಗ್ರಹವೊಂದಿದೆ. ಅಮೆರಿಕವು 1961ರಲ್ಲಿ ಗೌರವಿಸಿದ ಗಾಂಧೀಜಿ ಅದರಲ್ಲಿದ್ದಾರೆ. ಭಾರತವು 1965ರಲ್ಲಿ ಸ್ಮರಿಸಿದ ಲಿಂಕನ್ನರೂ 1969ರಲ್ಲಿ ಸ್ಮರಿಸಿದ ಮಾರ್ಟಿನ್ ಲೂಥರ್ ಕಿಂಗರೂ ಇದ್ದಾರೆ. ಕರಿಯರ ದಾಸ್ಯವಿಮೋಚನೆಯ ಕಥೆಯನ್ನು ಅವರು ಮಕ್ಕಳಿಗೆ ಹೇಳುತ್ತಿದ್ದುದು ಈ ಚೀಟಿಗಳನ್ನು ತೋರಿಸಿಯೇ.

ಆದರೆ ಅವರ ಬೆರಳು ತಡೆದು ನಿಲ್ಲುವುದು, ಹಸಿವಿನ ನಿವಾರಣೆಗಾಗಿ ಅಮೆರಿಕವು 1963ರಲ್ಲಿ ಹೊರತಂದ ಗೋಧಿತೆನೆಯ ಚೀಟಿಯ ಮೇಲೆ. 1966ರ ಬರದಲ್ಲಿ ಮನೆಯ ರಾಗಿಯ ವಾಡೆ ಬರಿದಾಗಿತ್ತು. ಹಡಗಿನಲ್ಲಿ ಬಂದ ಅಮೆರಿಕದ ಗೋಧಿಯನ್ನು ತಾಯಿ ಬೀಸಿ, ಮಕ್ಕಳಿಗೆ ಉಣಿಸಿ, ತಾವು ನೀರು ಕುಡಿದು ಮಲಗುತ್ತಿದ್ದರು. ಆ ತಾಯಿಯ ಭಾವಚಿತ್ರ ಒಂದೂ ಉಳಿದಿಲ್ಲ. ಈಗ ಆ ಗೋಧಿತೆನೆಯೇ ಅವರ ಪಾಲಿಗೆ ತಾಯಿಯ ಚಿತ್ರ.