ಗೈಡೆನ್ಸ್ ರೇಟಿಗೆ ಮಾಡ್ಸೋಣ ಸಾರ್

ಮನೆ ಕೊಳ್ಳುವಾಗ ನಾವೆಲ್ಲ ಚದರಡಿ ರೇಟು ಚೌಕಾಸಿ ಮಾಡ್ತೀವಿ, ಇಎಂಐ ಲೆಕ್ಕ ಹಾಕ್ತೀವಿ. ಸರ್ಕಾರಕ್ಕೆ ಕಟ್ಟೋ ದುಡ್ಡು ನೆನಪಾಗೋದು ಕೊನೆಗೆ. ಬೆಂಗಳೂರಿನಲ್ಲಿ 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ಶೇ 5. ಸೆಸ್ಸು, ಸರ್‌ಚಾರ್ಜು ಸೇರಿದರೆ 5.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6.

ಮಾನ್ಯತಾ ಟೆಕ್ ಪಾರ್ಕಿಗೆ ಹತ್ತಿರ ಅಂತ ನಾನೂ ನನ್ನ ಹೆಂಡತಿಯೂ ತಣಿಸಂದ್ರದಲ್ಲಿ ನೋಡಿದ್ದು ಏಳು ವರ್ಷ ಹಳೆಯ, ಎರಡು ಬೆಡ್‌ರೂಮಿನ ಫ್ಲ್ಯಾಟು. ಬೆಲೆ 80 ಲಕ್ಷ. ಅಂದರೆ ರಿಜಿಸ್ಟ್ರೇಷನ್ ಖರ್ಚೇ 6 ಲಕ್ಷದ 8 ಸಾವಿರ.

ಬ್ರೋಕರ್ ಹತ್ತಿರ ಇದಕ್ಕೆ ಔಷಧಿ ರೆಡಿ ಇತ್ತು. “ಗೈಡೆನ್ಸ್ ವ್ಯಾಲ್ಯೂ 62 ಬರುತ್ತೆ ಸಾರ್. ಅಷ್ಟಕ್ಕೇ ಮಾಡ್ಸೋಣ, ಮಿಕ್ಕ 18 ಕ್ಯಾಶ್ ಕೊಟ್ಬಿಡಿ. ಎಲ್ಲರೂ ಮಾಡೋದೇ.”

ಆ ರಾತ್ರಿ ಇಬ್ಬರೂ ಲೆಕ್ಕಕ್ಕೆ ಕೂತೆವು. ಶುಲ್ಕ ಕಟ್ಟಬೇಕಾದ್ದು ಮಾರ್ಗಸೂಚಿ ದರ ಮತ್ತು ನಿಜವಾದ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಹಾಗಾಗಿ 62 ಅಂತ ಬರೆಸೋದು ಉಳಿತಾಯ ಅಲ್ಲ, ಸುಳ್ಳು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಹೆಚ್ಚು ಕ್ಯಾಶ್ ತೆಗೆದುಕೊಳ್ಳುವಂತೆಯೂ ಇಲ್ಲ. ನೀತಿ ಪಾಠ ಪಕ್ಕಕ್ಕಿಡಿ, ಬರೀ ದುಡ್ಡಿನ ಮಾತು ನೋಡಿ. 18 ಲಕ್ಷ ಮುಚ್ಚಿಟ್ಟರೆ ನಮಗೆ ಈಗ ಉಳಿಯೋದು 1,36,800 ರೂಪಾಯಿ. ಮುಂದೆ ಈ ಮನೆ ಮಾರುವಾಗ ನಾವು ಕೊಂಡ ಬೆಲೆ 62 ಅಂತಲೇ ಲೆಕ್ಕ. ಆ 18 ಲಕ್ಷವೂ ನಮ್ಮ ಲಾಭ ಅಂತ ಆಗಿ, ಈಗಿನ ಶೇ 12.5ರ ದರದಲ್ಲಿ 2.25 ಲಕ್ಷ ತೆರಿಗೆ. ಅದರ ಮೇಲೆ, ಬ್ಯಾಂಕು ಸಾಲ ಕೊಡೋದು ಪತ್ರದಲ್ಲಿರೋ ಬೆಲೆ ನೋಡಿ. 18 ಲಕ್ಷ ನಗದು ತರೋದು ಎಲ್ಲಿಂದ?

ಹಾಗಾದ್ರೆ ಉಳಿಯೋದು ಯಾರಿಗೆ? ಮಾರುವವರಿಗೆ. ಅವರ ಲಾಭ ಕಾಗದದಲ್ಲಿ ಕಮ್ಮಿ ಕಾಣುತ್ತೆ, ಅಷ್ಟೆ.

“ಪೂರ್ತಿ ವೈಟ್” ಅಂದಿದ್ದಕ್ಕೆ ಓನರ್ ಅಂಕಲ್ ಮುಖ ಸಣ್ಣದಾಯ್ತು. ಬೇರೆ ಪಾರ್ಟಿ ಇದ್ದಾರೆ ಅಂದರು. ಮನೆ ಕೈ ತಪ್ಪಿತು ಅಂತಲೇ ಅಂದುಕೊಂಡೆವು. ಹೊರಡುವಾಗ ನನ್ನ ಹೆಂಡತಿ ಕೇಳಿದಳು, “ಅಂಕಲ್, ಈ ದುಡ್ಡಲ್ಲಿ ಏನ್ ಮಾಡ್ತೀರಾ?” ಮೈಸೂರಲ್ಲಿ ಮನೆ ತಗೋತಿದ್ದರಂತೆ. ಲಾಭದ ಹಣವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು ಹಾಕಿದರೆ ಅಷ್ಟಕ್ಕೆ ತೆರಿಗೆ ವಿನಾಯಿತಿ ಇದೆ. “ನಿಮ್ಮ ಆಡಿಟರ್‌ನ ಒಂದ್ಸಲ ಕೇಳಿ ಅಂಕಲ್” ಅಂದಳು. ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿ ಒಪ್ಪಿದರು.

ಕಾನೂನಿನೊಳಗೆ ನಮಗೂ ಒಂದಿಷ್ಟು ಉಳಿಯಿತು. ಸೋಫಾ, ಫ್ರಿಜ್, ವಾಷಿಂಗ್ ಮಷೀನ್, ಮಂಚಗಳನ್ನು ಅವರು ಬಿಟ್ಟು ಹೋಗುವವರಿದ್ದರು. 80ರಲ್ಲಿ ಅವುಗಳ ನ್ಯಾಯವಾದ ಬೆಲೆ 2 ಲಕ್ಷ. ಪಟ್ಟಿ ಬರೆದು, ಬೇರೆ ಒಪ್ಪಂದ ಮಾಡಿ, ಬ್ಯಾಂಕಿನಿಂದಲೇ ಕೊಟ್ಟೆವು. 15,200 ಉಳಿತಾಯ. ಗೋಡೆಗೆ ಕೂರಿಸಿದ ವಾರ್ಡ್‌ರೋಬನ್ನು ಅದರಲ್ಲಿ ಸೇರಿಸಲಿಲ್ಲ. ಹಳೇ ಪದ್ಧತಿಯಲ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ಟುವವರು ಈ ಶುಲ್ಕವನ್ನು ತೆರಿಗೆ ಕಡಿತಕ್ಕೆ ತೋರಿಸಬಹುದು. ಜಂಟಿ ಹೆಸರಿದ್ದು ಇಬ್ಬರೂ ಕಟ್ಟಿದ್ದರೆ ಇಬ್ಬರೂ ತಲಾ 1.5 ಲಕ್ಷದವರೆಗೆ. ಆದರೆ ಪಿಎಫ್ ಆಗಲೇ ಆ ಜಾಗ ತಿಂದಿದೆಯಾ ನೋಡ್ಕೊಳ್ಳಿ. ಮತ್ತೆ, ಹೆಂಡತಿ ಹೆಸರಿಗೆ ಮಾಡಿಸಿದ್ರೆ ಕಮ್ಮಿ ಅನ್ನೋ ಮಾತು ದೆಹಲಿ, ಮಹಾರಾಷ್ಟ್ರದಲ್ಲಿ ನಿಜ, ನಮ್ಮಲ್ಲಲ್ಲ.

ದೊಡ್ಡ ಉಳಿತಾಯ ಇರೋದು ಮನೆ ಆರಿಸೋ ಹೊತ್ತಲ್ಲಿ. ಕಟ್ಟುತ್ತಿರೋ 80 ಲಕ್ಷದ ಫ್ಲ್ಯಾಟಿಗೆ ಶೇ 5 ಜಿಎಸ್‌ಟಿ, ಅಂದರೆ ಇನ್ನೂ 4 ಲಕ್ಷ. ಹಳೇ ಮನೆಗೆ ಅದಿಲ್ಲ. ಮೊದಲ ಸಲ ರಿಜಿಸ್ಟರ್ ಆಗುವ ಹೊಸ ಫ್ಲ್ಯಾಟು 45 ಲಕ್ಷದೊಳಗಿದ್ದರೆ ಮುದ್ರಾಂಕ ಶುಲ್ಕ ಹೆಚ್ಚೆಂದರೆ ಶೇ 3. ಹಾಗಾಗಿ 44 ಲಕ್ಷದ ಫ್ಲ್ಯಾಟಿಗೂ 46 ಲಕ್ಷದ್ದಕ್ಕೂ ಖರ್ಚಿನಲ್ಲೇ ಒಂದು ಲಕ್ಷಕ್ಕೂ ಮೀರಿದ ವ್ಯತ್ಯಾಸ.

ಇದೆಲ್ಲ ಅಡ್ವಾನ್ಸ್ ಕೊಡೋ ಮೊದಲೇ ನೋಡಬೇಕಾದ್ದು. ಆಮೇಲೆ ಯಾರಾದರೂ “ಉಳಿಸಿ ಕೊಡ್ತೀನಿ” ಅಂದ್ರೆ, ಯಾರಿಗೆ ಅಂತ ಕೇಳಿ.