ಚೇಕಡಿ ಯಾರ ಪೈಕಿ?

ನಮ್ಮ ಕಡೆ ಮದುವೆಮನೆಯಲ್ಲಿ ಹೊಸ ಮುಖ ಕಂಡರೆ ಹಿರಿಯರು ಮೊದಲು ಕೇಳುವುದು, "ನೀವು ಯಾರ ಪೈಕಿ?" ಅಂತ. ಹೆಸರು ಆಮೇಲೆ. ತಂದೆಯ ಊರು, ತಾಯಿಯ ತವರು ಗೊತ್ತಾದ ಮೇಲೆಯೇ ಮಾತು ಸಲೀಸು. ಹಕ್ಕಿಗಳನ್ನು ವಿಂಗಡಿಸುವವರದೂ ಇದೇ ಪ್ರಶ್ನೆ. ಟಿಟ್ ಎಂದೂ ಕರೆಸಿಕೊಳ್ಳುವ ಪುಟ್ಟ ಚೇಕಡಿಗಳ ವಿಷಯದಲ್ಲಿ ಈ ವಿಚಾರಣೆ ಶುರುವಾಗಿ 250 ವರ್ಷ ದಾಟಿದೆ.

1758ರಲ್ಲಿ ಜೀವಿಗಳನ್ನು ವಿಂಗಡಿಸಿ ಹೆಸರಿಟ್ಟ ಲಿನ್ನೇಯಸ್ ಇವನ್ನು 'ಪಾರಸ್' ಎಂಬ ಒಂದೇ ಕುಲದಲ್ಲಿ ಕೂರಿಸಿದ. ಉದ್ದಬಾಲದ ಟಿಟ್, ಮೀಸೆಯ ಟಿಟ್ ಕೂಡ ಅಲ್ಲೇ ಸೇರಿದವು. ವಂಶವಾಹಿ ಓದುವ ಕಾಲ ಬಂದಾಗ ಉದ್ದಬಾಲದ್ದು ಬೇರೆಯೇ ಕುಟುಂಬ ಎಂಬುದು ಖಚಿತವಾಯಿತು, ಮೀಸೆಯದರ ನಂಟು ಲಾರ್ಕ್ ಹಕ್ಕಿಗಳ ಕಡೆ ಹೊರಟಿತು. ಉಳಿದ ನಿಜವಾದ ಚೇಕಡಿಗಳೂ ಈಗ ಹತ್ತಕ್ಕಿಂತ ಹೆಚ್ಚು ಕುಲಗಳಾಗಿ ಹಂಚಿಹೋಗಿವೆ.

ಹೊರಗೆ ಹೋದವುಗಳ ಕತೆ ಇದಾದರೆ, ಒಳಗೆ ಬಂದ ಹಕ್ಕಿಯ ಕತೆ ಇನ್ನೂ ಸ್ವಾರಸ್ಯ. ಟಿಬೆಟ್ ಪ್ರಸ್ಥಭೂಮಿಯಲ್ಲಿ ನೆಲದ ಮೇಲೆ ಕುಪ್ಪಳಿಸುತ್ತ, ಬಾಗಿದ ಕೊಕ್ಕಿನಿಂದ ಮಣ್ಣು ಕೆದಕಿ ತಿನ್ನುವ ಮಾಸಲು ಬಣ್ಣದ ಹಕ್ಕಿಯೊಂದಿದೆ. ಗೂಡಿಗೂ ಮಣ್ಣನ್ನೇ ಕೊರೆಯುತ್ತದೆ. 1871ರಲ್ಲಿ ಅದನ್ನು ವರ್ಣಿಸಿದವನು ಅಲನ್ ಆಕ್ಟೇವಿಯನ್ ಹ್ಯೂಮ್. ಹೌದು, 1885ರಲ್ಲಿ ಕಾಂಗ್ರೆಸ್ ಕಟ್ಟಲು ಮುಂದಾದ ಅದೇ ಹ್ಯೂಮ್. ಶಿಮ್ಲಾದ ಅವನ ಮನೆಯಲ್ಲಿ ಹಕ್ಕಿಗಳ ದೊಡ್ಡ ಸಂಗ್ರಹಾಲಯವೇ ಇತ್ತು. ಇಷ್ಟು ತಿಳಿದವನೇ ಆ ಟಿಬೆಟ್ ಹಕ್ಕಿಯನ್ನು ಕಾಗೆಯ ಕುಟುಂಬಕ್ಕೆ ಸೇರಿಸಿದ್ದ, ಆ ಕುಟುಂಬದ ನೆಲವಾಸಿ ಹಕ್ಕಿಗಳನ್ನು ಅದು ಅಷ್ಟು ಹೋಲುತ್ತಿತ್ತು. 2003ರಲ್ಲಿ ಮೂಳೆಗಳನ್ನೂ ವಂಶವಾಹಿಗಳನ್ನೂ ಪರೀಕ್ಷಿಸಿದಾಗ ಅದು ಮರ ಬಿಟ್ಟು ನೆಲಕ್ಕಿಳಿದ ಚೇಕಡಿ ಎಂದು ತೀರ್ಮಾನವಾಯಿತು. ಬದುಕುವ ರೀತಿ ಮೈಯನ್ನು ತಿದ್ದಬಲ್ಲದು, ಹುಟ್ಟಿನ ನಂಟನ್ನಲ್ಲ.

ನಮ್ಮ ತೋಟಗಳಿಗೆ ಬರುವ ಬೂದು ಚೇಕಡಿಯೂ ಹೀಗೆಯೇ ಮನೆ ಬದಲಿಸಿದೆ. ಹಳೆಯ ಪುಸ್ತಕಗಳಲ್ಲಿ ಅದು ಯುರೋಪಿನ ಗ್ರೇಟ್ ಟಿಟ್‌ನ ಒಂದು ಉಪಪ್ರಭೇದ. ಅಲ್ಲಿಯದಕ್ಕೆ ಹಳದಿ ಹೊಟ್ಟೆ, ಹಸಿರು ಬೆನ್ನು. ನಮ್ಮದು ಬೂದು, ಬಿಳಿ, ಕಪ್ಪು. ಹಾಡು ಮತ್ತು ವಂಶವಾಹಿ ಎರಡನ್ನೂ ತೂಗಿ ನೋಡಿದವರು ನಮ್ಮದನ್ನು ಬೇರೆ ಪ್ರಭೇದವೆಂದರು.

ಬಿಳಿಕತ್ತಿನ ಚೇಕಡಿಯದು ಇದಕ್ಕೂ ಸೂಕ್ಷ್ಮ. 1845ರಲ್ಲಿ ಪಕ್ಷಿತಜ್ಞ ಜೆರ್ಡನ್ ಹೆಸರಿಟ್ಟ ಈ ಹಕ್ಕಿ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಕಪ್ಪು ಬಿಳುಪಿನ ಮೈ ನೋಡಿದರೆ ಬೂದು ಚೇಕಡಿಯ ಒಡಹುಟ್ಟು ಎನ್ನಬೇಕು. ಆದರೆ ಅದು ಸೇರಿರುವುದು ಪಶ್ಚಿಮಘಟ್ಟದ ಜುಟ್ಟಿನ ಹಳದಿ ಚೇಕಡಿಯ ಕುಲಕ್ಕೆ. ಬಿಳಿಕತ್ತಿನದರ ನೆಲೆ ಮಾತ್ರ ಆ ಹಸಿರು ಕಾಡಲ್ಲ. ಕಚ್ಛ್, ರಾಜಸ್ಥಾನ, ಇತ್ತ ನಮ್ಮ ಕಾವೇರಿ ವನ್ಯಧಾಮದ ಸುತ್ತಿನ ಒಣ ಕುರುಚಲು ಕಾಡು. ಮರಕುಟಿಗ ಕೊರೆದು ಬಿಟ್ಟ ಪೊಟರೆಯೇ ಇದಕ್ಕೆ ಮನೆ.

ಹಕ್ಕಿಯನ್ನು ಹೆಸರಿಟ್ಟು ವಿಂಗಡಿಸಿ ಏನು ಬಂತು ಎಂದು ಕೇಳುವವರಿಗೆ ನಾನು ಈ ಚೇಕಡಿಯನ್ನೇ ತೋರಿಸುತ್ತೇನೆ. ಬೂದು ಚೇಕಡಿ ಎಲ್ಲೆಡೆ ಸಿಗುತ್ತದೆ. ಎರಡೂ ಒಂದೇ ಎಂದುಕೊಂಡವರಿಗೆ ಬಿಳಿಕತ್ತಿನದು ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ. ಬೇರೆ ಎಂದು ಅರಿತವರಿಗೆ ಬಂಜರೆಂದು ಬರೆದಿಟ್ಟ ಮುಳ್ಳುಕಾಡೂ, ಅಲ್ಲಿ ನಿಂತ ಟೊಳ್ಳು ಮರವೂ ಉಳಿಸಬೇಕಾದ ಆಸ್ತಿ.