ಗೇಟ ಕೂಡ್ಲಿ

ತುಂಗಭದ್ರಾ ಡ್ಯಾಮಿನ ಗೇಟು ಕೊಚ್ಚಿಹೋದ ವಾರವೇ ನಮ್ಮ ನಾಲ್ಕನೇ ತರಗತಿಯ ಮಕ್ಕಳಿಗೆ ಕಥೆ ಬರೆಯೋದು ಬಂತು ಅಂದರೆ ನಗಬೇಡಿ.

ಕಾರಟಗಿಯ ಹೊರಗಿನ ಸರ್ಕಾರಿ ಶಾಲೆ. ಕೆಲವು ಮಕ್ಕಳ ಅಪ್ಪಂದಿರು ರೈಸ್ ಮಿಲ್ಲಿನಲ್ಲಿ ಹಮಾಲರು, ಕೆಲವರದು ಗದ್ದೆ ಕೆಲಸ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನಿಂದ ಬರುವವರು ಮನೆಯಲ್ಲಿ ತೆಲುಗು ಆಡುವವರು. ಯಾರ ಬಾಯಲ್ಲೂ ಮಾತಿಗೆ ಬರ ಇಲ್ಲ. ಪೆನ್ಸಿಲ್ ಹಿಡಿದರೆ ಮಾತ್ರ ಎಲ್ಲರ ಊರೂ ಒಂದೇ ಆಗಿಬಿಡುತ್ತಿತ್ತು: ನಮ್ಮ ಊರು ಸುಂದರವಾಗಿದೆ, ನಮ್ಮ ಊರಿನಲ್ಲಿ ಶಾಲೆ ಇದೆ, ನನಗೆ ನಮ್ಮ ಊರೆಂದರೆ ತುಂಬಾ ಇಷ್ಟ. ಮಿಲ್ಲಿನ ಹೊಟ್ಟಿನ ಧೂಳಿಗೆ ಕಣ್ಣುಜ್ಜಿಕೊಳ್ಳುತ್ತಾ ಬಂದ ಹುಡುಗನೂ ಅದನ್ನೇ ಬರೆಯುತ್ತಿದ್ದ.

ಆ ವರ್ಷ ನಾನು ಪ್ರಬಂಧ ಬದಿಗಿಟ್ಟು ಚಿತ್ರಪುಸ್ತಕ ಹಿಡಿದಿದ್ದೆ. ಅವುಗಳಲ್ಲಿ ಚೆನ್ನೈನ ತೂಲಿಕಾದವರು ತಂದ ಇಸ್ಮತ್‌ನ ಈದ್ ಕಥೆಯೂ ಒಂದು. ಚಪ್ಪಲಿ ಹೊಲಿಯುವ ಇಸ್ಮತ್ ಹಬ್ಬಕ್ಕೆ ಪ್ಯಾಂಟು ಕೊಳ್ಳುತ್ತಾನೆ, ಅದು ಉದ್ದವಾಗುತ್ತದೆ. ಕತ್ತರಿಸಿಕೊಡಿ ಅಂತ ಹೆಂಡತಿಯನ್ನು, ಅವ್ವನನ್ನು, ಮಗಳನ್ನು ಕೇಳುತ್ತಾನೆ. ಹಬ್ಬದ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ತಾನೇ ಕತ್ತರಿಸಿಕೊಳ್ಳುತ್ತಾನೆ. ಆಮೇಲೆ ಒಬ್ಬರಿಗೊಬ್ಬರು ಹೇಳದೆ ಅವರೂ ಬಂದು ಕತ್ತರಿಸಿ ಹೋಗುತ್ತಾರೆ. ಪ್ಯಾಂಟಿನ ಗತಿ ಏನಾಗಿರಬೇಡ!

ಮೊದಲ ಸಲ ಓದಿದಾಗ ನಕ್ಕರು. ಎರಡನೇ ಸಲ ಕಥೆಯನ್ನು ಬಿಚ್ಚಿ ನೋಡಿದೆವು. ಒಂದೇ ಮಾತು ಎಷ್ಟು ಸಲ ಬಂತು? ಪುಟ ತಿರುಗಿಸುವ ಮೊದಲು ನಮಗೆ ಏನು ಕೇಳಬೇಕು ಅನ್ನಿಸಿತು? ಚಿತ್ರದಲ್ಲಿ ಇದ್ದು ಅಕ್ಷರದಲ್ಲಿ ಇಲ್ಲದ್ದು ಯಾವುದು? ಈ ಕೊನೆಯ ಪ್ರಶ್ನೆ ಅವರಿಗೆ ಬಹಳ ಹಿಡಿಸಿತು. ಚಿತ್ರ ತೋರಿಸಿ ಕಥೆ ಹೇಳೋದು ನಮ್ಮ ಸೀಮೆಗೇನು ಹೊಸದೇ? ಇದೇ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕೇ 2025ರಲ್ಲಿ ಪದ್ಮಶ್ರೀ ಬಂತಲ್ಲ.

ಹೀಗೆ ಓದಿದ ಕಥೆಯ ಕಟ್ಟಿನ ಮೇಲೆ ಮಕ್ಕಳಿಂದ ಕಥೆ ಬರೆಸೋದು ನಕಲಲ್ಲವೇ ಅಂತ ಕೇಳಿದವರಿದ್ದಾರೆ. ರಂಗೋಲಿಯ ಚುಕ್ಕಿ ಅಜ್ಜಿಯದು, ಎಳೆ ಮೊಮ್ಮಗಳದು. ನನಗಂತೂ ಅದರಲ್ಲಿ ತಪ್ಪು ಕಂಡಿಲ್ಲ.

ಅಷ್ಟರಲ್ಲಿ 2024ರ ಆಗಸ್ಟ್ 10ರ ಶನಿವಾರ ರಾತ್ರಿ, ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಹರಿದು ಗೇಟೇ ಹೊಳೆಪಾಲಾಯಿತು. ಡ್ಯಾಮು ತುಂಬಿತ್ತು. ಗೇಟು ಕೂಡಿಸಬೇಕಾದರೆ ಅರ್ಧಕ್ಕಿಂತ ಹೆಚ್ಚು ನೀರು ಖಾಲಿ ಮಾಡಬೇಕಂತೆ ಅನ್ನುವ ಸುದ್ದಿ ಹಬ್ಬಿತು. ಎಡದಂಡೆ ಕಾಲುವೆ ನಂಬಿ ಭತ್ತದ ಸಸಿ ಹಾಕಿದ ಊರಿಗೆ ಅದಕ್ಕಿಂತ ದೊಡ್ಡ ಸುದ್ದಿ ಯಾವುದು? ಸೋಮವಾರ ಪ್ರಾರ್ಥನೆ ಮುಗಿಯುವ ತನಕವೂ ಮಕ್ಕಳಿಗೆ ತಡೆಯಲಾಗಲಿಲ್ಲ.

“ಸರ, ಗೇಟ ಕಿತ್ಕೊಂಡು ಹೋತ್ರಿ!”

“ನಮ್ಮಪ್ಪ ರಾತ್ರಿ ಉಂಡೇ ಇಲ್ರಿ ಸರ.”

ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಮಡಿಚಿ, ನಡುವೆ ಸೀಳಿ, ಎಂಟು ಪುಟದ ಪುಸ್ತಕ ಮಾಡಿ ಒಬ್ಬೊಬ್ಬರಿಗೆ ಒಂದು ಕೊಟ್ಟೆ. ಷರತ್ತು ಎರಡೇ. ಪುಟಕ್ಕೆ ಎರಡು ಸಾಲು ದಾಟಬಾರದು. ಚಿತ್ರ ಹೇಳಿದ್ದನ್ನು ಅಕ್ಷರ ಮತ್ತೆ ಹೇಳಬಾರದು. ಮನೆಯಲ್ಲಿ ಯಾರು ಏನೆಂದರೋ ಅದು ಅವರ ಬಾಯಲ್ಲಿ ಇದ್ದ ಹಾಗೇ ಇರಲಿ ಅಂದೆ. ಪುಸ್ತಕದ ಕನ್ನಡಕ್ಕೆ ತಿದ್ದುವ ಕೆಂಪು ಪೆನ್ನು ಜೇಬಿನಿಂದ ಹೊರಗೇ ಬರಲಿಲ್ಲ.

ಹೆಚ್ಚಿನವರು ಗೇಟನ್ನೇ ಬರೆದರು. ನೀರು ಬರೆಯಲು ನೀಲಿ ಬಣ್ಣ ಸಾಲದೆ ಜಗಳವೂ ಆಯಿತು. ಕ್ಯಾಂಪಿನ ಒಬ್ಬ ಹುಡುಗಿ ಮಾತ್ರ ಡ್ಯಾಮನ್ನು ಎಲ್ಲೂ ಬರೆಯಲಿಲ್ಲ. ಅವಳ ಕಥೆಯಲ್ಲಿ ಅಪ್ಪ ಗೊಬ್ಬರದಂಗಡಿಗೆ ಉದ್ರಿ ಕೇಳಲು ಹೋಗುತ್ತಾನೆ. ಅಂಗಡಿಯವನು, ‘ಗೇಟ ಕೂಡ್ಲಿ, ಆಮ್ಯಾಲ ನೋಡೂಣು.’ ಪುಟ ತಿರುಗಿಸಿದರೆ ಟ್ರ್ಯಾಕ್ಟರಿನವನು, ‘ಗೇಟ ಕೂಡ್ಲಿ.’ ನಾಟಿ ಗುಂಪಿನ ಮೇಸ್ತ್ರಿ ಅವ್ವಂದೂ ಅದೇ ಮಾತು. ಇಸ್ಮತ್‌ನ ಮನೆಯವರ ಹಾಗೇ ಮೂವರೂ ಕೆಟ್ಟವರಲ್ಲ. ಅವರವರ ಭಯ ಅವರಿಗೆ. ಅದನ್ನು ಅವಳು ಎಲ್ಲೂ ವಿವರಿಸಿರಲಿಲ್ಲ. ಗೊಬ್ಬರದಂಗಡಿಯವನ ಕೈಯಲ್ಲಿ ಒಂದು ಉದ್ದನೆಯ ಉದ್ರಿ ಚೀಟಿ ಬರೆದು, ಅದು ಕೌಂಟರ್ ದಾಟಿ ನೆಲದ ಮೇಲೆ ಹರಿದಾಡುವಂತೆ ಮಾಡಿದ್ದಳು, ಅಷ್ಟೇ.

ಐದನೇ ಪುಟ ಖಾಲಿ ಉಳಿಯಿತು. “ಯಾಕವ್ವ?” ಅಂದರೆ, “ಇನ್ನ ಗೇಟ ಕೂತಿಲ್ಲಲ್ರಿ ಸರ” ಅಂದಳು.

ಸ್ವಾತಂತ್ರ್ಯ ದಿನದ ಧ್ವಜ ಹಾರಿಸಿ ಪೆಪ್ಪರಮಿಂಟು ಹಂಚಿದರೂ ಆ ಪುಸ್ತಕ ಅಲ್ಲೇ ನಿಂತಿತ್ತು. ಹಿರಿಯ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ಹರಿಯುವ ನೀರಿನಲ್ಲೇ ಆಗಸ್ಟ್ 16ರಂದು ಸ್ಟಾಪ್ ಲಾಗಿನ, ಅಂದರೆ ಹೋದ ಗೇಟಿನ ಜಾಗಕ್ಕೆ ತಾತ್ಕಾಲಿಕವಾಗಿ ಕೂಡಿಸುವ ತಡೆಯ, ಮೊದಲ ತುಂಡು ಇಳಿಯಿತು. ಮರುದಿನ ಉಳಿದವೂ ಕೂತವು. ಭತ್ತ ಉಳಿಯಿತು.

ಮುಂದಿನ ವಾರ ಅವಳು ಇಡೀ ತರಗತಿಗೆ ಓದಿ ತೋರಿಸಿದಳು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಎಲ್ಲರೂ ಕೂಡಿ ‘ಗೇಟ ಕೂಡ್ಲಿ’ ಅಂತ ಕೂಗತೊಡಗಿದ್ದರು. ಕಥೆಯ ಕೊನೆಗೆ ಗೊಬ್ಬರದವನು, ಟ್ರ್ಯಾಕ್ಟರಿನವನು, ಮೇಸ್ತ್ರಿ ಅವ್ವ ಮೂವರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಮುಂಜಾನೆ ಅವರ ಮನೆ ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಅಪ್ಪ ಅನ್ನುವುದು ಇಷ್ಟೇ: ‘ಮೊದ್ಲು ಚಾ ಕುಡೀರಿ.’

ಎಂಟನೇ ಪುಟದಲ್ಲಿ ಅಕ್ಷರವಿಲ್ಲ. ಒಂದು ತಟ್ಟೆ, ಅದರಲ್ಲಿ ಐದು ಚಾ ಲೋಟ.

“ಮಂದಿ ನಾಕೇ ಅದಾರಲ್ಲ, ಐದನೇದು ಯಾರಿಗೆ?” ಅಂತ ಹಿಂದಿನ ಸಾಲಿನವನೊಬ್ಬ ಕೇಳಿದ.

“ನಾಯ್ಡು ತಾತಗ.”

“ಅವ ನಿಮ್ಮ ಮನಿಗೆ ಬಂದಿದ್ನೇನು?”

“ಇಲ್ಲ. ಬಂದ್ರ ಇರ್ಲಿ ಅಂತ.”